ಪರಪ್ಪ ಮಿಸ್ತ್ರಿಯ ಸಾಕ್ಷಿ

ಪರಪ್ಪ ಮಿಸ್ತ್ರಿಯ ಕೊರಳಲ್ಲಿ ಎರಡು ವಸ್ತು ತೂಗುತ್ತಿದ್ದವು. ಒಂದು ಇಷ್ಟಲಿಂಗದ ಬೆಳ್ಳಿ ಕರಡಿಗೆ. ಇನ್ನೊಂದು ಎರಡು ವೈರು ಕಟ್ಟಿದ ಸಣ್ಣ ಬಲ್ಬು. ಕರಡಿಗೆ ಅಂಗಿಯ ಒಳಗೆ, ಬಲ್ಬು ಹೊರಗೆ. ವೈರಿನಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ಅವರು ನೋಡುತ್ತಿದ್ದುದು ಆ ಬಲ್ಬಿನಿಂದ. ಅದು ಹೊತ್ತುವ ತನಕ ಯಾರ ಮಾತನ್ನೂ ಒಪ್ಪುತ್ತಿರಲಿಲ್ಲ.

"ಯಾವುದನ್ನ ನಂಬತೀರಿ ಮಿಸ್ತ್ರಿ, ಲಿಂಗಾನೋ ಬಲ್ಬನ್ನೋ?" ಎಂದು ಟೆಂಪೊ ಡ್ರೈವರುಗಳು ಕೆಣಕುತ್ತಿದ್ದರು.

"ಒಳಗಿಂದನ್ನ ನಂಬತೇನಿ. ಹೊರಗಿಂದು ನಿಮ್ಮಂಥಾವರ ಸಲುವಾಗಿ."

ಹಳಿಯಾಳದಲ್ಲಿ ದಾಂಡೇಲಿ ರಸ್ತೆಗೆ ಅವರ ಅಂಗಡಿ. ಗಾಡಿಗಳ ವೈರಿಂಗ್ ಬಿಟ್ಟು ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ನನ್ನದು ಅಡಿಗೆ ಪಾತ್ರೆ ಬಾಡಿಗೆ ಕೊಡುವ ವ್ಯಾಪಾರ. ಪಾತ್ರೆ ಸಾಗಿಸಲು ಒಂದು ಹಳೆಯ ಪಿಕಪ್ ಇತ್ತು. ಹೆಂಡತಿಯ ತಮ್ಮ ಮಹಾಂತೇಶ ಅದನ್ನು ಓಡಿಸುತ್ತಿದ್ದ. ಅದರ ಎಂಜಿನ್ ಕೈ ಕೊಟ್ಟಾಗ, ಅಪಘಾತದಲ್ಲಿ ನುಜ್ಜಾಗಿದ್ದ ಹೊಸ ಮಾದರಿಯ ಪಿಕಪ್ಪಿನ ಎಂಜಿನ್ನನ್ನು ಹುಬ್ಬಳ್ಳಿಯ ಗುಜರಿಯಿಂದ ತಂದೆ. ಫಿಟ್ಟರ್ ನಾಲ್ಕು ದಿನದಲ್ಲಿ ಅದನ್ನು ಕೂಡಿಸಿದ. ತೊಂದರೆ ಶುರುವಾದದ್ದು ಆಮೇಲೆ. ಹಳೆಯ ಎಂಜಿನ್ನಿಗೆ ಓಡಲು ಒಂದು ವೈರು ಸಾಕಾಗಿತ್ತು. ಹೊಸದರ ಜೊತೆಗೆ ಒಂದು ಕಂಪ್ಯೂಟರ್ ಡಬ್ಬಿಯೂ ಮುಂಗೈ ದಪ್ಪದ ವೈರಿನ ಕಟ್ಟೂ ಬಂದಿದ್ದವು. ಒಂದರ ಬಣ್ಣವೂ ನಮ್ಮ ಗಾಡಿಯ ವೈರುಗಳಿಗೆ ತಾಳೆಯಾಗುತ್ತಿರಲಿಲ್ಲ.

ಪರಪ್ಪ ಬಾನೆಟ್ಟಿನೊಳಗೆ ಬಹಳ ಹೊತ್ತು ನೋಡಿದರು.

"ಇದು ಎಂಜಿನ್ ಅಲ್ರಿ ಸಾವಕಾರ್ರ, ಕಚೇರಿ. ಎಲ್ಲಾದಕ್ಕೂ ಪರವಾನಿಗಿ ಕೇಳತೈತಿ. ನಿಮ್ಮ ಗಾಡಿ ಕಚೇರಿ ಮೆಟ್ಟಿಲ ಹತ್ತಿದ್ದಲ್ಲ. ಇಬ್ಬರಿಗೂ ಮಾತು ಕಲಿಸಬೇಕು. ಹೊತ್ತು ಹಿಡಿತೈತಿ."

ಹೊತ್ತು ಹಿಡಿಯಿತು. ಎಂಜಿನ್ ಶುರುವಾಗಿ ಎರಡು ಉಸಿರಿನಷ್ಟು ಓಡಿ ನಿಂತುಬಿಡುತ್ತಿತ್ತು. ಮೂರು ದಿನ ಹೀಗೇ ಆಯಿತು. ನನಗೆ ಸಂಶಯ ಬಂತು: ಈ ಮನುಷ್ಯನಿಗೆ ಕೆಲಸ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಎಳೆಯುತ್ತಿದ್ದಾರೆ. ನಾಲ್ಕನೆಯ ದಿನ ಅವರು, "ಡಬ್ಬಿಗೆ ನಮ್ಮ ಮ್ಯಾಲೆ ಸಂಶೆ ಐತ್ರಿ. ಕಳುವು ಮಾಡ್ಯಾರ ಅಂತ ತಿಳಕೊಂಡೈತಿ. ಆ ಗಾಡೀದ ಖಾಸ ಕೀಲಿಕೈ ಬೇಕು," ಎಂದರು. ನಾನು ನಂಬಲಿಲ್ಲ. ಆದರೂ ಹುಬ್ಬಳ್ಳಿಗೆ ಹೋದೆ. ಗುಜರಿಯ ಗೋಡೆಯ ಮೊಳೆಗೆ ಆ ಕೀಲಿಕೈ ಇನ್ನೂ ನೇತಾಡುತ್ತಿತ್ತು. ತಂದುಕೊಟ್ಟೆ. ಎಂಜಿನ್ ನಿಲ್ಲದೆ ಓಡಿತು. ಪರಪ್ಪ ನಗಲಿಲ್ಲ. "ನೋಡ್ರಿ, ಅದರ ಸಂಶೆ ಹೋತು. ನಿಮ್ಮದು ಇನ್ನೂ ಐತಿ," ಎಂದರು.

ಅದು ನಿಜ. ಕೆಲಸ ನಡೆದಷ್ಟು ದಿನವೂ ಅಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದೆ. ಅವರಿಗೆ ಅದರಿಂದ ಬೇಸರವಿರಲಿಲ್ಲ. ಅವರ ಪದ್ಧತಿಗೆ ಅದೇ ಬೇಕಾಗಿತ್ತು. ಅವರು ವೈರುಗಳನ್ನು ಬರಿದೆ ಹೊಸೆದು ಬಿಡುವವರಲ್ಲ. ಬೆಸುಗೆ ಹಾಕಿ, ಪ್ರತಿ ಜೋಡಣೆಗೆ ಬಿಳಿ ದಾರ ಸುತ್ತಿ ಗಂಟು ಹಾಕುತ್ತಿದ್ದರು. ಎಂಜಿನ್ನಿನ ವೈರಿಗೆ ಒಂದು ಗಂಟು, ಡಬ್ಬಿಯದಕ್ಕೆ ಎರಡು, ಗಾಡಿಯದಕ್ಕೆ ಮೂರು. ಮೇಲೆ ಟೇಪು ಸುತ್ತುವ ಮೊದಲು ಗಾಡಿಯ ಮಾಲಕನನ್ನು ಕರೆಯುತ್ತಿದ್ದರು: "ಸಾಕ್ಷಿ ಬರ್ರಿ."

ಹೋಗಿ ಬಗ್ಗಿ ನೋಡಬೇಕು. ಬಲ್ಬು ಹೊತ್ತಿದ್ದು ಕಾಣಬೇಕು. "ನೋಡಿದೆ" ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಟೇಪು.

"ಇದೆಲ್ಲಾ ಯಾಕ್ರಿ ಮಿಸ್ತ್ರಿ?" ಎಂದು ಕೇಳಿದ್ದೆ.

"ಟೇಪ ಸುತ್ತಿದ ಮ್ಯಾಲೆ ಒಳಗ ಏನೈತಿ ಅಂತ ದೇವರಿಗೂ ಕಾಣೂದಿಲ್ಲ. ನಾಳೆ ಯಾರರ ಕೇಳಿದ್ರ ಹೇಳಾಕ ಒಬ್ಬ ಮನಿಶಾ ಬೇಕಲ್ರಿ."

ಮೋಸ ಹಿಡಿಯಬೇಕೆಂದೇ ಕೂತಿದ್ದ ನಾನು ಎಲ್ಲ ಜೋಡಣೆಗಳನ್ನೂ ಕಣ್ಣಿಟ್ಟು ನೋಡಿದೆ. ಒಂದರಲ್ಲೂ ಕುಂದು ಸಿಗಲಿಲ್ಲ. ಕೊನೆಗೆ ಅವರು ನಟ್ಟು ಬಿಚ್ಚುವ ಹತ್ತು ನಂಬರಿನ ಒಂದು ಪಾನಾವನ್ನು ಬ್ಯಾಟರಿಗೆ ಹುರಿಯಿಂದ ಕಟ್ಟಿದರು. "ಏನರ ಹೊಗಿ ಕಂಡ್ರ ಮೊದಲ ಬ್ಯಾಟರಿ ಬಿಚ್ಚೂದು. ಪಾನಾ ಹುಡಕೋತ ನಿಲ್ಲಬಾರದು," ಎಂದರು.

ಮಳೆಗಾಲದಲ್ಲಿ ಜೋಯಿಡಾ ಕಡೆ ರಸ್ತೆಗೆ ಮಂಜು ಇಳಿಯುತ್ತದೆ. ಎರಡು ಫಾಗ್ ಲೈಟು ಹಾಕಿಕೊಡಿ ಎಂದು ಪರಪ್ಪನವರನ್ನು ಕೇಳಿದೆ. "ಈಗ ಬ್ಯಾಡ್ರಿ. ಅದಕ್ಕ ಬ್ಯಾರೆ ಫ್ಯೂಜು, ಬ್ಯಾರೆ ದಾರಿ ಮಾಡಬೇಕು. ಸಾಮಾನು ಬರಲಿ," ಎಂದರು. ನನಗೆ ಕಾಯುವ ಮನಸ್ಸಿರಲಿಲ್ಲ. ದಾಂಡೇಲಿಯಲ್ಲಿ ದಾರಿಬದಿಯ ಒಬ್ಬನ ಹತ್ತಿರ ಹಾಕಿಸಿದೆ. ಅವನು ಚಹಾ ಕುಡಿಯುವಷ್ಟರಲ್ಲಿ ಮುಗಿಸಿದ. ಸಾಕ್ಷಿಗೆ ಕರೆಯಲಿಲ್ಲ. ಪರಪ್ಪನವರಿಗೆ ನಾನು ಹೇಳಲಿಲ್ಲ.

ಉಳವಿಯಲ್ಲಿ ಒಂದು ಮದುವೆಗೆ ಪಾತ್ರೆ ಒಯ್ಯುತ್ತಿದ್ದೆವು. ಬೆಳಿಗ್ಗೆ ಹನ್ನೊಂದರ ಹೊತ್ತು. ಜೋಯಿಡಾ ದಾಟಿ ಕಾಡಿನ ರಸ್ತೆಯಲ್ಲಿದ್ದಾಗ ಸ್ಟೀರಿಂಗಿನ ಕೆಳಗಿನಿಂದ ಹೊಗೆ ಎದ್ದಿತು. ಮೊದಲು ತೆಳ್ಳಗೆ, ಆಮೇಲೆ ಕರ್ರಗೆ. ಮಹಾಂತೇಶ ಗಾಡಿ ನಿಲ್ಲಿಸಿ ಇಳಿದು ಬಾನೆಟ್ ಎತ್ತಿದ. ನಾನು ಇಳಿದು ರಸ್ತೆಯ ಆಚೆ ಬದಿಗೆ ಓಡಿದೆ, ಅವನು ಓಡಲಿಲ್ಲ. ಹುರಿಗೆ ಕಟ್ಟಿದ್ದ ಪಾನಾ ಅವನ ಕೈಗೆ ಸಿಕ್ಕಿತು. ಬ್ಯಾಟರಿ ಬಿಚ್ಚುವಾಗ ಉರಿಯುವ ವೈರು ತಾಗಿ ಬಲಗೈ ಸುಟ್ಟಿತು. ಬೆಂಕಿ ಅಲ್ಲಿಗೇ ನಿಂತಿತು.

ಮುಂದಿನದನ್ನು ಸರಿಯಾಗಿ ಬರೆಯಬೇಕು. ನಾನು ಹೆಂಡತಿಗೆ ಫೋನ್ ಮಾಡಿದೆ. ತಮ್ಮನ ಕೈ ಸುಟ್ಟಿದ್ದನ್ನು ಕೇಳಿ ಅವಳು, "ಯಾರ ತಪ್ಪಿದು?" ಎಂದು ಕೇಳಿದಳು. "ಮಿಸ್ತ್ರೀದು," ಎಂದೆ. ಹಾಗೆ ಹೇಳಿದ ಮೇಲೆ ಬಾನೆಟ್ಟಿನೊಳಗೆ ನೋಡಿದೆ. ಕ್ಯಾಬಿನ್ನಿನ ತಗಡಿನ ತೂತಿನಲ್ಲಿ ಒಂದು ದಪ್ಪ ಕೆಂಪು ವೈರು ತಿಕ್ಕಿ ಒಳಗಿನ ತಾಮ್ರ ಕಾಣುತ್ತಿತ್ತು. ಸುತ್ತಲೂ ಕರಕಲು. ಆ ವೈರು ಫಾಗ್ ಲೈಟಿನದು. ಅದಕ್ಕೆ ದಾರವಿರಲಿಲ್ಲ, ಗಂಟಿರಲಿಲ್ಲ. ಅದನ್ನು ಕಿತ್ತು ಸೀಟಿನ ಕೆಳಗೆ ಹಾಕಿದೆ.

ಮರುದಿನ ಫಾಗ್ ಲೈಟುಗಳನ್ನೂ ಬಿಚ್ಚಿಟ್ಟು, ಗಾಡಿಯನ್ನು ಎಳೆಸಿಕೊಂಡು ಪರಪ್ಪನವರ ಅಂಗಡಿಯ ಮುಂದೆ ನಿಲ್ಲಿಸಿದೆ. ನಾಲ್ಕು ಡ್ರೈವರುಗಳು ಅಲ್ಲಿದ್ದರು. ಪರಪ್ಪ ಮೊದಲು ಮಹಾಂತೇಶನ ಕೈ ಹೇಗಿದೆ ಎಂದು ಕೇಳಿದರು. ಆಮೇಲೆ ಸುಟ್ಟ ಕಟ್ಟನ್ನು ನೋಡಿ ಕೇಳಿದರು: "ಹೊರಗಿನಾವರು ಯಾರರ ಕೈ ಹಚ್ಚ್ಯಾರೇನ್ರಿ?"

"ಇಲ್ಲ," ಎಂದೆ.

"ಖರೇನ?"

"ಇಲ್ಲ ಅಂದ್ನಲ್ರಿ."

ಅವರು ಬಲ್ಬು ತೆಗೆದುಕೊಳ್ಳಲು ಎತ್ತಿದ ಕೈಯನ್ನು ಕೆಳಗಿಳಿಸಿದರು. "ಸಾಕ್ಷಿ ಇದ್ದಾವರು ನೀವು. ನೀವು ಇಲ್ಲ ಅಂದ್ರ ತಪ್ಪು ನಂದ," ಎಂದರು. ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಯಾವ ವೈರನ್ನೂ ನಂಬದ ಮನುಷ್ಯ ನನ್ನ ಮಾತನ್ನು ಪರೀಕ್ಷೆ ಮಾಡದೆ ನಂಬಿದರು. ಆಮೇಲೆ ಅವರು ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ತಾವು ವೈರಿಂಗ್ ಮಾಡಿದ್ದ ಗಾಡಿಗಳನ್ನು ಹುಡುಕಿಕೊಂಡು ಹೋದರು. ದಾಂಡೇಲಿಗೆ, ಮುಂಡಗೋಡಿಗೆ, ಕ್ಯಾಸಲ್‌ರಾಕಿನ ತನಕ. "ನನ್ನ ಕೆಲಸದಾಗ ತಪ್ಪು ಆಗೈತಿ, ಬಿಚ್ಚಿ ನೋಡತೇನಿ" ಎಂದು ಅವರವರ ಮನೆ ಮುಂದೆ ಟೇಪು ಬಿಚ್ಚಿ, ಬಲ್ಬು ಹಚ್ಚಿ, ಮತ್ತೆ ಸುತ್ತಿಕೊಟ್ಟರು. ಎಲ್ಲೂ ತಪ್ಪು ಸಿಗಲಿಲ್ಲ. ಆದರೆ ಜನ ಬೇರೆ ಅರ್ಥ ಮಾಡಿಕೊಂಡರು: ಮಿಸ್ತ್ರಿಗೆ ತನ್ನ ಕೆಲಸದ ಮೇಲೇ ನಂಬಿಕೆ ಇಲ್ಲ. ಗಾಡಿಗಳು ಬೇರೆ ಅಂಗಡಿಗೆ ಹೋದವು. ದೀಪಾವಳಿಯ ಹೊತ್ತಿಗೆ ಪರಪ್ಪ ಬಾಗಿಲು ಹಾಕಿ ಸನವಳ್ಳಿಯ ತಂಗಿಯ ಮನೆಗೆ ಹೋಗಿದ್ದರು.

ನಾನು ಸನವಳ್ಳಿಗೆ ಹೋದದ್ದು ಬೇಸಿಗೆಯಲ್ಲಿ, ಆ ಕೆಂಪು ವೈರನ್ನು ಕಾಗದದಲ್ಲಿ ಸುತ್ತಿಕೊಂಡು. ಅವರು ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಬಲ್ಬು ಕೊರಳಲ್ಲಿರಲಿಲ್ಲ. ಕಾಗದ ಬಿಚ್ಚಿ ಕೊಟ್ಟೆ. ವೈರಿನ ಎರಡೂ ತುದಿಗಳನ್ನು ಬೆರಳಿನಿಂದ ಸವರಿ ನೋಡಿದರು.

"ಇದು ನಂದಲ್ಲ."

"ಅಲ್ರಿ."

"ನಿಮಗ ಯಾವಾಗ ಗೊತ್ತಾತು?"

"ಅವತ್ತ. ನಿಮ್ಮ ಅಂಗಡಿಗೆ ಬರೂಕಿಂತ ಮೊದಲ."

ಒಳಗಿನಿಂದ ತಂಗಿ ಚಹಾ ತಂದಿಟ್ಟರು. ನಾನು ಕುಡಿಯಲೋ ಬೇಡವೋ ಎಂದು ಕೂತಿದ್ದೆ. "ಕುಡೀರಿ, ಆರತೈತಿ," ಎಂದರು ಪರಪ್ಪ. ಆಮೇಲೆ, "ಇಷ್ಟು ಗಾಡಿ ಬಿಚ್ಚಿದ್ನಲ್ರಿ. ನನ್ನ ಗಂಟು ಒಂದೂ ಸಡಲಿರಲಿಲ್ಲ. ಆದ್ರೂ ನನಗ ನನ್ನ ಮ್ಯಾಲ ಸಂಶೆ ಹೋಗಲಿಲ್ಲ," ಎಂದರು.

ತಪ್ಪಾಯಿತು ಎಂದೆ.

"ಇಲ್ಲಿ ಬಂದು ನನಗಷ್ಟ ಹೇಳಿದ್ರ ಹೆಂಗ್ರಿ ಸಾವಕಾರ್ರ? ಅವತ್ತ ನಾಕು ಮಂದಿ ಕೇಳಿದ್ರು." ವೈರನ್ನು ಮತ್ತೆ ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಇದನ್ನ ಒಯ್ಯಿರಿ. ಬರೇ ಮಾತು ಅಂದ್ರ ನಂಬೂದಿಲ್ಲ ಮಂದಿ."

ಹೆಂಡತಿಗೂ ಮಹಾಂತೇಶನಿಗೂ ಅವತ್ತೇ ಸಂಜೆ ಹೇಳಿದೆ. ಆಮೇಲೆ ಡ್ರೈವರುಗಳು. ಒಬ್ಬನಿಗೆ ಹಳಿಯಾಳದ ಸ್ಟ್ಯಾಂಡಿನಲ್ಲಿ ಹೇಳಿದೆ, ಒಬ್ಬನಿಗೆ ಅವನ ಮನೆಗೆ ಹೋಗಿ, ಮೂರನೆಯವನಿಗೆ ದಾಂಡೇಲಿಯಲ್ಲಿ ಲಾರಿ ನಿಲ್ಲಿಸಿ. ಮೂವರಿಗೂ ವೈರು ತೋರಿಸಿದೆ. ನಾಲ್ಕನೆಯವನು ಗೋವಾ ಕಡೆ ಹೋಗಿದ್ದಾನೆ, ಎಲ್ಲಿ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅವನನ್ನು ಹುಡುಕುತ್ತಿದ್ದಾಗಲೇ ಸನವಳ್ಳಿಯಿಂದ ಪರಪ್ಪ ತೀರಿಕೊಂಡ ಸುದ್ದಿ ಬಂತು.

ಪಿಕಪ್ ಈಗಲೂ ಓಡುತ್ತದೆ. ಬ್ಯಾಟರಿಯ ಪಕ್ಕದಲ್ಲಿ ಪಾನಾ ಅದೇ ಹುರಿಯಲ್ಲಿ ನೇತಾಡುತ್ತದೆ. ಕೆಂಪು ವೈರು ಸೀಟಿನ ಕೆಳಗಿದೆ. ನಾಲ್ಕನೆಯವನು ಸಿಗುವ ತನಕ ಅದು ಅಲ್ಲೇ ಇರುತ್ತದೆ.