ಒಳಗೆ ಬಿಟ್ಟ ಬಟ್ಟೆ

ವನಜಾಕ್ಷಿಯವರನ್ನು ನಾನು ಮೊದಲು ಕಂಡದ್ದು ಶಿವನಿಯಿಂದ ಹೊರಟ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ. ಕಿಟಕಿಯ ಪಕ್ಕ ಕೂತಿದ್ದರೂ ಹೊರಗೆ ನೋಡುತ್ತಿರಲಿಲ್ಲ. ಮಡಿಲಲ್ಲಿ ಊಟದ ಡಬ್ಬಿ, ಅದರ ಮೇಲೊಂದು ಹಳದಿ ಕರವಸ್ತ್ರ. ಅದರ ಅಂಚನ್ನು ಬೆರಳಲ್ಲಿ ಮಡಿಸುತ್ತಿದ್ದರು, ಬಿಡಿಸುತ್ತಿದ್ದರು, ಮತ್ತೆ ಮಡಿಸುತ್ತಿದ್ದರು. ಅಜ್ಜಂಪುರ ದಾಟಿದ ಮೇಲೆ, ರೈಲು ಕಡೂರಿಗೆ ತಡವಾಗುತ್ತದೆಯೇ ಎಂದು ನನ್ನನ್ನು ಕೇಳಿದರು. ಬೀರೂರಿನಲ್ಲಿ ಮತ್ತೆ ಅದನ್ನೇ ಕೇಳಿದರು. ಆಮೇಲೆ ತಿಂಗಳಿಡೀ ಇಬ್ಬರೂ ಕೆಲಸಕ್ಕೆ ಅದೇ ರೈಲಿನಲ್ಲಿ ಹೋಗಿಬಂದೆವು.

ಕಡೂರಿನ ಹೊರಗೆ ಹೊಸದಾಗಿ ಬಂದ ಗಾರ್ಮೆಂಟ್ಸ್‌ನಲ್ಲಿ ಅವರನ್ನು ಒಂದು ತಿಂಗಳು ನೋಡೋಣವೆಂದು ತೆಗೆದುಕೊಂಡಿದ್ದರು. ಅದನ್ನೇ ನಂಬಿ ಮಗಳು ಪ್ರಜ್ಞಾಳನ್ನು ಅಲ್ಲಿನ ಕಾಲೇಜಿಗೆ ಸೇರಿಸಿ, ಮುಂದಿನ ತಿಂಗಳಿನಿಂದ ಇಬ್ಬರಿಗೂ ಒಂದು ಬಾಡಿಗೆ ಕೋಣೆ ಗೊತ್ತುಮಾಡಿದ್ದರು. ಕೆಲಸ ಖಾಯಂ ಆಗದಿದ್ದರೆ ಕೋಣೆಯೂ ಇಲ್ಲ, ಓದೂ ಇಲ್ಲ.

ಪಟ್ಟಣ ಬೆಳೆದರೆ ಸುತ್ತಲ ಹಳ್ಳಿಗಳಿಗೂ ದುಡಿಮೆ ಸಿಗುತ್ತದೆ ಎಂದು ನಾನು ಪದವಿ ಪರೀಕ್ಷೆಯಲ್ಲಿ ಬರೆದಿದ್ದೆ. ಆ ದುಡಿಮೆಗೆ ಕೈಯ ರೂಢಿಯನ್ನೇ ಬಿಡಬೇಕಾಗುತ್ತದೆ ಎಂದು ಗೊತ್ತಿರಲಿಲ್ಲ.

ಊರಿನಲ್ಲಿ ರವಿಕೆ ಹೊಲಿಯುವಾಗ ವನಜಾಕ್ಷಿಯವರು ಹೊಲಿಗೆಯ ಒಳಗೆ ಬೆರಳಗಲ ಬಟ್ಟೆ ಹೆಚ್ಚಿಗೆ ಬಿಡುತ್ತಿದ್ದರು. ಹುಡುಗಿ ಬೆಳೆದರೆ, ಬಾಣಂತಿ ಮೈ ತುಂಬಿಕೊಂಡರೆ, ಬಿಚ್ಚಿ ಸಡಿಲಿಸಬಹುದು. ಗಾರ್ಮೆಂಟ್ಸ್‌ನಲ್ಲಿ ಕುರ್ತಾದ ಪಕ್ಕದ ಹೊಲಿಗೆಗೆ ಕೂರಿಸಿದಾಗಲೂ ಕೈ ತಾನಾಗಿ ಬಟ್ಟೆ ಬಿಟ್ಟಿತು. ಮೊದಲೇ ಅಳತೆಗೆ ಕತ್ತರಿಸಿ ಕೊಟ್ಟ ಬಟ್ಟೆಯಾದ್ದರಿಂದ ಕುರ್ತಾಗಳೆಲ್ಲ ಬಿಗಿಯಾಗಿ ಇಡೀ ಕಟ್ಟು ವಾಪಸಾಯಿತು.

ಪಕ್ಕದ ಮಿಷಿನ್ನಿನ ಭುವನಾ, ತರೀಕೆರೆಯವಳು, ಮೆಲ್ಲಗೆ ಅಂದಳಂತೆ: “ಯಾರಿಗಕ್ಕ ಬಟ್ಟೆ ಬಿಡ್ತಿದೀಯ? ಇದನ್ನ ಹಾಕ್ಕಳೋಳು ದಪ್ಪ ಆದ್ರೆ ಇನ್ನೊಂದು ತಗತಾಳೆ. ಬಿಚ್ಚಿಸ್ಕಳಕ್ಕೆ ನಿನ್ನ ಹುಡ್ಕಂಡು ಶಿವನಿಗೆ ಬತ್ತಾಳಾ?”

ವನಜಾಕ್ಷಿಯವರು ನಕ್ಕರೂ ಅಂದು ಊಟದ ಡಬ್ಬಿಯನ್ನು ಹಾಗೇ ವಾಪಸು ತಂದರು. ಆಮೇಲೆ ಎಚ್ಚರದಿಂದ ಹೊಲಿದರು. ಎಚ್ಚರ ಹೆಚ್ಚಿದಷ್ಟೂ ನಿಧಾನವಾದರು. ತಿಂಗಳ ಕೊನೆಗೆ ಗಾರ್ಮೆಂಟ್ಸ್‌ನವರು, ನಾಳೆಯಿಂದ ಬರಬೇಡಿ ಎಂದುಬಿಟ್ಟರು.

ಆ ಸಂಜೆ ಕಡೂರು ನಿಲ್ದಾಣದಲ್ಲಿ, ಮಗಳಿಗೆ ಏನು ಹೇಳಲಿ ಎಂದು ನನ್ನನ್ನು ಕೇಳಿದರು. ಅಷ್ಟರಲ್ಲಿ ಭುವನಾ ಬಂದು ಅವರ ಕೈಗೆ ಒಂದು ಚೀಲ ಕೊಟ್ಟಳು. ಒಳಗೆ ಮೂರು ರವಿಕೆ ಬಟ್ಟೆ, ಅವಳದೊಂದು, ಜೊತೆಯವರದು ಎರಡು. ದಿನವಿಡೀ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಆ ಹೆಣ್ಣುಮಕ್ಕಳಿಗೆ ತಮ್ಮದನ್ನು ಹೊಲಿದುಕೊಳ್ಳಲು ಪುರಸೊತ್ತಿರಲಿಲ್ಲ.

“ನಂದ್ರಲ್ಲಿ ಒಳಗೆ ಬಟ್ಟೆ ಬಿಡಕ್ಕ, ಜಾಸ್ತೀನೇ ಬಿಡು. ಇನ್ನೊಂದು ತಗಳೋ ಪೈಕಿ ಅಲ್ಲ ನಾವು.”

ಮೂರು ರವಿಕೆ ನಂಬಿ ಬಾಡಿಗೆ ಹಿಡಿಯುವುದೇ ಎಂದು ನಾನು ಹೆದರಿದೆ. ಅವರೂ ಹೆದರಿದರು, ಆದರೆ ಕೋಣೆ ಬಿಡಲಿಲ್ಲ. ಗಾರ್ಮೆಂಟ್ಸ್ ಮುಚ್ಚುತ್ತಾರಂತೆ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಈಗಲೂ ಫೋನ್ ಮಾಡಿ, ನಿಜವೇ ಎಂದು ನನ್ನನ್ನು ಕೇಳುತ್ತಾರೆ.

ಪ್ರಜ್ಞಾ ಎರಡನೇ ವರ್ಷದಲ್ಲಿದ್ದಾಳೆ. ವನಜಾಕ್ಷಿಯವರು ಕಡೂರಿನ ಆ ಕೋಣೆಯಲ್ಲಿ ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳಿಗೆ ರವಿಕೆ ಹೊಲಿಯುತ್ತಾರೆ.