ಅವಳು ನನ್ನ ಬೆನ್ನಿಗೆ ಹೇಳಿದ್ದು

ದೀಪಾವಳಿಗೆ ಇಚಲಕರಂಜಿಯ ಮಗ್ಗಗಳು ನಿಂತಾಗ ನನಗೆ ಬೇಕಾಗಿದ್ದುದು ನಿದ್ದೆ ಒಂದೇ. ಪವರ್‌ಲೂಮ್ ಶೆಡ್ಡಿನಲ್ಲಿ ಮೂವತ್ತು ವರ್ಷ ನಿಂತ ಕಾಲುಗಳಿವು. ನಾಲ್ಕು ದಿನ ಚಾಪೆ ಬಿಟ್ಟು ಏಳುವುದಿಲ್ಲ ಎಂದು ನಿಶ್ಚಯಿಸಿಕೊಂಡಿದ್ದೆ. ಆದರೆ ಹೆಂಡತಿಯ ಮೊಬೈಲಿಗೆ ಯಾರೋ ಒಂದು ಫೋಟೋ ಕಳಿಸಿದ್ದರು. ಒಣಗಿ ಹಳದಿಯಾದ ಹುಲ್ಲು, ನಡುವೆ ಒಂದು ನೀಲಿ ಟೆಂಟು. ಗಡಹಿಂಗ್ಲಜ ದಾಟಿ ಕೋವಾಡದ ಕಡೆ ಹೋದರೆ ಎತ್ತರದಲ್ಲಿ ಇಂಥದೊಂದು ಹುಲ್ಲುಗಾವಲು ಇದೆಯಂತೆ. ಹಳ್ಳಿಯವರೇ ಟೆಂಟು ಹಾಕಿಕೊಡುತ್ತಾರಂತೆ. "ಒಂದ ಸಪ್ಪಳ ಸುದ್ದಾ ಇರೂದಿಲ್ಲಂತ್ರೀ" ಎಂದು ನಾಲ್ಕು ಸಲ ಹೇಳಿದಳು. ದೂರದ ಬೆಟ್ಟ ನುಣ್ಣಗೆ ಎಂದು ಗೊಣಗುತ್ತಲೇ ಚೀಲ ಹೆಗಲಿಗೇರಿಸಿದೆ. ಅವಳು ನಾಲ್ಕು ಸಲ ಹೇಳಿದ ಮೇಲೆ ಐದನೆಯದಕ್ಕೆ ಕಾಯುವ ಗಂಡಸು ನಮ್ಮ ಓಣಿಯಲ್ಲಿ ಇಲ್ಲ.

ಸಪ್ಪಳ ಇಲ್ಲದ ಜಾಗಕ್ಕೆ ಹೋಗಲು ನನಗೆ ಭಯವಿತ್ತು. ಅದಕ್ಕೆ ಕಾರಣ ಅವಳಿಗೆ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಒಬ್ಬನೇ ಕೊಲ್ಲಾಪುರಕ್ಕೆ ಹೋಗಿ ಕಿವಿ ತೋರಿಸಿಕೊಂಡು ಬಂದಿದ್ದೆ. ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತು ಎಂದಿದ್ದರು. ನಾನು ಒತ್ತಲು ಕಾಯುತ್ತಾ ಕೂತೆ, ಕೂತೇ ಇದ್ದೆ. ಕೊನೆಗೆ ಡಾಕ್ಟರು ಒಂದು ಕಾಗದ ತೋರಿಸಿ, ಹೋದದ್ದು ಮರಳಿ ಬರುವುದಿಲ್ಲ ಎಂದರು. ಮನೆಗೆ ಬಂದು, ಕಿವಿಯಲ್ಲಿ ಗುಗ್ಗೆ ಸೇರಿತ್ತಂತೆ, ತೆಗೆದರು ಎಂದು ಹೇಳಿದೆ.

ಸುಳ್ಳು ನಡೆಯಿತು. ಮಗ್ಗದವರಲ್ಲಿ ಇಂಥ ಸುಳ್ಳು ಸುಲಭವಾಗಿ ನಡೆಯುತ್ತದೆ. ಶೆಡ್ಡಿನೊಳಗೆ ಯಾರ ಮಾತೂ ಯಾರಿಗೂ ಕೇಳಿಸದು. ತುಟಿ ನೋಡಿ ತಿಳಿದುಕೊಳ್ಳುತ್ತೇವೆ, ಕೈಸನ್ನೆಯಲ್ಲಿ ಉತ್ತರ ಕೊಡುತ್ತೇವೆ. ಅದೂ ತಿಳಿಯದಿದ್ದರೆ ಕೋಲೆ ಬಸವನಂತೆ ತಲೆಯಾಡಿಸುತ್ತೇವೆ. ಮಾಲಕ ಬಂದು ಏನೋ ಅಂದರೆ ಮೊದಲು ಹೂಂ. ಏನಂದ ಎಂಬುದನ್ನು ಆಮೇಲೆ ಪಕ್ಕದವನ ಮಗ್ಗ ನೋಡಿ ಊಹಿಸಿದರಾಯಿತು. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿಯೂ ಅದೇ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು. ಎದುರಿಗೆ ನಿಂತು ಮಾತಾಡುವುದು ಅವಳಿಗೂ ರೂಢಿ. ನಾನು ಅವಳ ಮುಖ ಬಿಟ್ಟು ಅತ್ತಿತ್ತ ನೋಡುತ್ತಿರಲಿಲ್ಲ. ಈ ವಯಸ್ಸಿನಲ್ಲೂ ನಮ್ಮವರು ನನ್ನ ಮಾರೀನ ನೋಡ್ತಾರ ಎಂದು ಅವಳು ತನ್ನ ತಂಗಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದಳು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿ, ದಾರಿ ಕವಲೊಡೆಯುವ ಒಂದು ಫಾಟಾದಲ್ಲಿ ಇಳಿದು, ಏರು ಹತ್ತಿ ತಲುಪುವಷ್ಟರಲ್ಲಿ ನನ್ನ ಮೊಣಕಾಲು ಸೋತಿದ್ದವು. ಟೆಂಟಿನ ಯಜಮಾನ ಒಬ್ಬ ಮುದುಕ. ಮರಾಠಿಯಲ್ಲಿ ಅವನು ಹೇಳಿದ್ದಕ್ಕೆಲ್ಲ ಹೆಂಡತಿಯೇ ಉತ್ತರ ಕೊಟ್ಟಳು. ಝುಣಕಾ ಭಾಕರಿ ತಿಂದೆವು. ಮೊಣಕಾಲೆತ್ತರದ ಹುಲ್ಲು ದಿಗಂತದವರೆಗೂ ಹಬ್ಬಿತ್ತು. ಎಷ್ಟು ಶಾಂತ ಅಲ್ಲವೇ ಎಂದು ಅವಳು ಕೇಳಿದಳು. ಹೂಂ ಅಂದೆ. ನನ್ನ ಕಿವಿಯೊಳಗೆ ಇಡೀ ಶೆಡ್ಡು ಓಡುತ್ತಿತ್ತು, ಒಂದು ಮಗ್ಗಕ್ಕೂ ರಜೆ ಇರಲಿಲ್ಲ.

ಬಿಸಿಲು ಇಳಿದ ಮೇಲೆ ನಡೆಯಲು ಹೊರಟೆವು. ಪೂರ್ವಕ್ಕೆ ಹುಲ್ಲು ಮುಗಿದು ಕೆಂಪು ನೆಲ ಸುರುವಾಗುತ್ತದೆ. ಮಳೆ ನೀರು ಆ ನೆಲವನ್ನು ಆಳವಾಗಿ ಕೊರೆದು ಬರೀ ಕೊರಕಲು, ದಿನ್ನೆ ಮಾಡಿಬಿಟ್ಟಿದೆ. ದಿನ್ನೆಯ ನೆತ್ತಿಯ ಮೇಲೆ ಒಬ್ಬರೇ ಹೋಗುವಷ್ಟು ಕಾಲುದಾರಿ. ಹಾವು ಗೀವು ಇದ್ದರೆ ಎಂದು ಕೋಲು ಕೊಟ್ಟು ನನ್ನನ್ನೇ ಮುಂದೆ ಬಿಟ್ಟಳು.

ಸೂರ್ಯ ಬೆನ್ನಿಗಿದ್ದುದರಿಂದ ಅವಳ ನೆರಳು ನನ್ನ ನೆರಳಿನ ಪಕ್ಕದಲ್ಲೇ ಮುಂದೆ ಬೀಳುತ್ತಿತ್ತು. ನೆರಳಿನ ಕೈ ಆಡುತ್ತಿತ್ತು. ಮಾತಾಡುತ್ತಿದ್ದಾಳೆ ಎಂದು ಗೊತ್ತಾಯಿತು. ಹೊರಳಿ ನೋಡಿದರೆ ಕಾಲು ಜಾರುವ ದಾರಿ, ಮೇಲಾಗಿ ನನಗೆ ದಣಿವು. ನೆಂಟರಿಷ್ಟರ ಸುದ್ದಿ ಇರಬೇಕೆಂದು ಹತ್ತು ಹೆಜ್ಜೆಗೊಮ್ಮೆ ತಲೆಯಾಡಿಸಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರೆ. ಕೋಣಕ್ಕೆ ಕೇಳಿಸುವುದಾದರೂ ಕೇಳಿಸುತ್ತದೆ. ಒಂದು ಕಡೆ ನೆರಳು ನಿಂತಿತು. ನಾನೂ ನಿಂತೆ. ನೆರಳು ಸೆರಗಿನಿಂದ ಮುಖ ಒರೆಸಿಕೊಂಡಿತು. ಬೆವರು ಅಂದುಕೊಂಡು, ಜೋರಾಗಿ ಹೂಂ ಅಂದು, ಮುಂದೆ ನಡೆದೆ.

ದಾರಿಯ ತುದಿಯಲ್ಲಿ ಒಂದು ಹಾಸುಬಂಡೆ. ಕೂತು ಅವಳ ಮುಖ ನೋಡಿದೆ. ಕಣ್ಣು ಕೆಂಪಾಗಿದ್ದವು, ಆದರೆ ನಗುತ್ತಿದ್ದಳು. "ಇಷ್ಟ ಲಗೂ ಹೂಂ ಅಂತೀರಿ ಅಂತ ಅನಕೊಂಡಿದ್ದಿಲ್ರೀ" ಎಂದಳು. ತಂಗಿಗೆ ಈಗಲೇ ಹೇಳಿಬಿಡುತ್ತೇನೆಂದು ಮೊಬೈಲು ತೆಗೆದು, ರೇಂಜು ಸಿಗದೆ, ಅದನ್ನು ಎತ್ತಿ ಹಿಡಿದು ಬಂಡೆಯ ಮೇಲೆ ಅತ್ತಿತ್ತ ಓಡಾಡಿದಳು.

ಯಾವುದಕ್ಕೆ ಒಪ್ಪಿದ್ದೆ ನಾನು? ರೇಂಜು ಬರುವವರೆಗೆ ಮಾತ್ರ ನನಗೆ ಸಮಯವಿತ್ತು. ಸುಮ್ಮನಿದ್ದು ಆಮೇಲೆ ಊಹಿಸಿಕೊಳ್ಳಬಹುದಿತ್ತು, ಮಾಲಕನ ಮಾತು ಊಹಿಸಿದ ಹಾಗೆ. ಆದರೆ ಸುಳ್ಳು ಹೊತ್ತು ಹೊತ್ತು ನಾನು ಕಾಲಿಗಿಂತ ಹೆಚ್ಚು ದಣಿದಿದ್ದೆ.

"ನೀ ಹೇಳಿದ್ದು ನನಗ ಒಂದೂ ಕೇಳಿಸಿಲ್ಲ" ಎಂದೆ. "ಗುಗ್ಗೆ ಅಲ್ಲ ಅದು. ಕಿವಿ ಹೋಗ್ಯಾವ."

ಅವಳು ಮೊಬೈಲು ಕೆಳಗಿಳಿಸಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬಂದು ಎದುರಿಗೆ ಕೂತು, ಎರಡು ಕೈಗಳ ಬೆರಳು ಜೋಡಿಸಿ, ಚಟ್ಟನೆ ದೂರ ಎಳೆದಳು. ಎಳೆ ಹರಿದಿದೆ, ಮಗ್ಗ ನಿಲ್ಲಿಸು ಎಂಬ ನಮ್ಮ ಶೆಡ್ಡಿನ ಸನ್ನೆ. ಎಷ್ಟೋ ವರ್ಷಗಳ ಮೇಲೆ ಅವಳ ಕೈಯಲ್ಲಿ ಅದನ್ನು ನೋಡಿದೆ. ಆಮೇಲೆ ಬರೀ ತುಟಿಯಲ್ಲಿ, ನಿಧಾನವಾಗಿ, ಮೊದಲಿನಿಂದ ಹೇಳಿದಳು. ಗಡಹಿಂಗ್ಲಜದಲ್ಲಿ ತಂಗಿಯ ಬಳೆ ಅಂಗಡಿ ಇದೆ. ಅವರಿಗೆ ಜನ ಬೇಕಾಗಿದೆ. ಅಂಗಡಿಯ ಹಿಂದೆ ಇರಲು ಒಂದು ಖೋಲಿಯೂ ಇದೆ. ಸಂಕ್ರಾಂತಿ ಮುಗಿದ ಮೇಲೆ ಮಗ್ಗ ಬಿಟ್ಟು ಇಬ್ಬರೂ ಅಲ್ಲಿಗೆ ಹೋಗೋಣ. ಅಷ್ಟೇ. ನಾನು ಮತ್ತೆ ಹೂಂ ಅಂದೆ, ಈ ಸಲ ತಿಳಿದು ಅಂದೆ. ನನ್ನ ಕಾಲುಗಳು ಯಾವಾಗಲೋ ಒಪ್ಪಿದ್ದವು.

ಆದರೆ ಇಷ್ಟು ಹೇಳಲು ಅವಳಿಗೆ ಐದು ನಿಮಿಷವೂ ಹಿಡಿಯಲಿಲ್ಲ. ದಾರಿಯಲ್ಲಿ ಮುಕ್ಕಾಲು ತಾಸು ಮಾತಾಡಿದ್ದಳು. ಬಳೆ ಅಂಗಡಿಗಾಗಿ ಯಾರೂ ನಿಂತು ಕಣ್ಣು ಒರೆಸಿಕೊಳ್ಳುವುದಿಲ್ಲ.

"ನಡುದಾರ್ಯಾಗ ನಿಂತಿದ್ದಿ" ಎಂದೆ. "ಅವಾಗ ಏನ ಹೇಳಿದಿ?"

ಅವಳು ಕೊರಕಲಿನ ಕಡೆ ಮುಖ ತಿರುಗಿಸಿದಳು. ಮತ್ತೆ ನನ್ನ ಕಡೆ ಹೊರಳಿದ್ದು ನನಗೆ ತಿಳಿಯಲಿ ಎಂದೇ ಇರಬೇಕು.

"ಅದನ್ನ ಮಾರಿ ನೋಡಿ ಹೇಳಾಕ ಆಗೂದಿಲ್ರೀ. ನಿಮ್ಮ ಬೆನ್ನಿತ್ತು, ಹೇಳಿದೆ. ನೀವು ಹೂಂ ಅಂದ್ರಿ. ಇಷ್ಟ ವರ್ಷದ ಮ್ಯಾಲ ನನಗ ಅಷ್ಟ ಬೇಕಾಗಿತ್ತು."

ಕತ್ತಲಾಗುವ ಮೊದಲೇ ಟೆಂಟು ಸೇರಬೇಕೆಂದು ಎದ್ದೆವು. ಮತ್ತೆ ಅದೇ ದಾರಿ, ನಾನು ಮುಂದೆ, ಅವಳು ಹಿಂದೆ. ಈಗ ಸೂರ್ಯ ಎದುರಿಗಿದ್ದ, ಅವಳ ನೆರಳು ನನಗೆ ಕಾಣುತ್ತಿರಲಿಲ್ಲ. ಎಲ್ಲಿ ಮತ್ತೆ ಹೇಳಲು ಸುರುಮಾಡುತ್ತಾಳೋ ಎಂದು ಹತ್ತು ಹೆಜ್ಜೆಗೊಮ್ಮೆ ನಿಂತು, ಕೋಲೂರಿ, ಹೊರಳಿ ನೋಡಿದೆ. ಪ್ರತಿ ಸಲವೂ ಅವಳ ತುಟಿ ಮುಚ್ಚಿದ್ದವು. ಒಂದೇ ಒಂದು ಸಲ ಅಲುಗಿದವು. ಮುಂದ ನೋಡಿ ನಡೀರಿ, ಬಿದ್ದೀರಿ ಎಂದಳು.