ಗಾಳವಿಲ್ಲದ ದಾರ

ಹೋದ ವಾರ ರೋಣದ ಪೇಟೆಯಲ್ಲಿ ದನದ ಹಿಂಡಿ ಮಾರುವ ಅಂಗಡಿಯ ಮುಂದೆ ಹಾಯ್ದು ಹೋಗುತ್ತಿದ್ದೆ. ಆಗಷ್ಟೇ ಶೇಂಗಾ ಹಿಂಡಿಯ ಚೀಲ ಬಿಚ್ಚಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ನಿಂತುಬಿಟ್ಟವು. ಅದರ ಬೆನ್ನಿಗೇ ಇನ್ನೊಂದು ವಾಸನೆಯೂ ಬಂತು... ಅದು ಅಂಗಡಿಯಲ್ಲಿ ಇರಲಿಲ್ಲ, ನನ್ನ ತಲೆಯೊಳಗಿತ್ತು. ಹೊಲಿಗೆ ಮಷೀನಿನ ಎಣ್ಣೆಯದು. ಇವೆರಡೂ ಒಟ್ಟಿಗೆ ಬರುತ್ತಿದ್ದದ್ದು ಒಬ್ಬರ ಕೈಯಿಂದ ಮಾತ್ರ. "ಎಮ್ಮಿ ಕಟ್ಟೀರೇನ್ರಿ?" ಎಂದು ಅಂಗಡಿಯವನು ಕೇಳಿದ. ಇಲ್ಲವೆಂದೆ. ಆದರೂ ಅರ್ಧ ಕಿಲೋ ಕಟ್ಟಿಸಿಕೊಂಡು ಮನೆಗೆ ಬಂದೆ.

ಆ ಕೈ ನಮ್ಮ ಟೇಲರ್ ಕಾಕಾನದು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಅಂಗಡಿಯಿತ್ತು. ಬಳಗದವರೇನಲ್ಲ, ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಹಾಗಾಗಿ ಕಾಕಾ. ನಾನು ಆಗ ರೋಣದಿಂದ ಹೊಳೆಆಲೂರಿಗೆ ಹೋಗುವ ಬಸ್ಸಿನ ಕಂಡಕ್ಟರ್. ಅಂಗಡಿಗೆ ರಜೆ ಇರುವ ಒಂದು ಸೋಮವಾರ ಅವರು ಗಾಳ ಹಾಕುವ ಉದ್ದನೆಯ ಬಿದಿರಿನ ಕೋಲು ಹಿಡಿದು ಬಸ್ ಹತ್ತಿದರು. ಕೋಲು ಕಿಟಕಿಯಿಂದ ಹೊರಗೆ ಹೋಗಿ, ಮತ್ತೊಂದು ತುದಿ ಡ್ರೈವರನ ಕಿವಿಯವರೆಗೆ ಬಂದಿತ್ತು. ಲಗೇಜ್ ಟಿಕೆಟ್ ತೆಗೆದುಕೊಳ್ಳಬೇಕು ಎಂದು ನಾನು ಜೋರು ಮಾಡಿದೆ.

"ಇದು ಲಗೇಜ್ ಅಲ್ಲೋ ತಮ್ಮಾ, ನನ್ನ ಕೈ. ಸ್ವಲ್ಪ ಉದ್ದ ಐತಿ, ಅಷ್ಟ" ಎಂದರು ಕಾಕಾ. ಬಸ್ಸಿಗೆ ಬಸ್ಸೇ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಈ ಕೈಯಿಂದ ಇವರು ಅದೇನು ಹಿಡಿಯುತ್ತಾರೋ ನೋಡಿಯೇ ಬಿಡೋಣ ಎಂದು ಮುಂದಿನ ಸೋಮವಾರ ರಜೆ ಬದಲಿಸಿಕೊಂಡು ಹೊಳೆಗೆ ಹೋದೆ. ಹೋದವನು ಹನ್ನೊಂದು ವರ್ಷ ಅವರ ಪಕ್ಕದಲ್ಲೇ ಕೂತೆ.

ಕಾಕಾ ಮೀನು ತಿನ್ನುವವರಲ್ಲ. ಹಿಡಿದದ್ದೆಲ್ಲ ಹೊಳೆಆಲೂರಿನಲ್ಲಿ ಮೀನು ಮಾರುತ್ತಿದ್ದ ಒಬ್ಬ ಅಕ್ಕನ ಬುಟ್ಟಿಗೆ ಹೋಗುತ್ತಿತ್ತು. ತಿನ್ನದವರಿಗೆ ಹಿಡಿಯುವ ಚಟ ಏಕೆ ಎಂದು ಕೇಳಿದರೆ, "ನಾ ಹೊಲಿಯೂ ಅಂಗಿ ಎಲ್ಲಾ ನಾನ ಹಾಕ್ಕೋತೀನೇನು?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು. ನಾನು ಹಾಕಿಕೊಳ್ಳುತ್ತಿದ್ದದ್ದು ಪೇಟೆಯಲ್ಲಿ ಸಿಗುವ ಸಿದ್ಧ ಅಂಗಿ. ಅದನ್ನು ಅವರು ಗೋಣಿಚೀಲ ಎಂದೇ ಕರೆಯುತ್ತಿದ್ದರು. ಒಮ್ಮೆಯಾದರೂ ಅಳತೆ ಕೊಡು ಎಂದರೆ ನಾನು ನಕ್ಕು ಜಾರಿಕೊಳ್ಳುತ್ತಿದ್ದೆ.

ಪ್ರತಿ ವರ್ಷ ದೀಪಾವಳಿ ಮುಗಿದು ಮಲಪ್ರಭೆಯ ಕೆಂಪು ನೀರು ತಿಳಿಯಾದ ಮೇಲೆ ಒಂದು ಭಾನುವಾರ ಹೊಳೆದಂಡೆಯಲ್ಲಿ ಗಾಳದ ಪಂದ್ಯ ನಡೆಯುತ್ತಿತ್ತು. ಸಂಘವಿಲ್ಲ, ಅಧ್ಯಕ್ಷರಿಲ್ಲ, ಮೈಕಿಲ್ಲ. ರೋಣ, ನರಗುಂದ, ಗಜೇಂದ್ರಗಡದ ಇಪ್ಪತ್ತು ಮಂದಿ ಹುಚ್ಚರು ತಾವೇ ಮಾಡಿಕೊಂಡ ಏರ್ಪಾಡು. ಒಬ್ಬರಿಗೆ ಒಂದೇ ಕೋಲು. ಬೆಳಕು ಹರಿಯುವ ಹೊತ್ತಿಗೆ ಯಾರು ಎಲ್ಲಿ ಮೊದಲು ಕೂತರೋ ಅದು ಅವರ ಜಾಗ. ಮಧ್ಯಾಹ್ನ ಆ ಮೀನಿನ ಅಕ್ಕ ತಕ್ಕಡಿ ಹಿಡಿದು ತೂಗಿದಾಗ ಎಲ್ಲಕ್ಕಿಂತ ದೊಡ್ಡ ಮೀನು ಯಾರದೋ ಅವರು ಗೆದ್ದಂತೆ. ಬಹುಮಾನ ಕಾಕಾ ಹೊಲಿದುಕೊಡುವ ಒಂದು ಬಿಳಿ ಅಂಗಿ. ಗೆದ್ದವರನ್ನು ಅಲ್ಲೇ ದಂಡೆಯ ಮೇಲೆ ನಿಲ್ಲಿಸಿ, ಕೆಸರು ಮೆತ್ತಿದ ಮೈಗೆ ಟೇಪು ಹಿಡಿದು ಅಳತೆ ತೆಗೆಯುವುದೇ ನಮ್ಮ ಸಮಾರಂಭ. ಕಾಕಾ ಅಳತೆ ಕೂಗುತ್ತಿದ್ದರು, ನಾನು ಹಳೆಯ ಟಿಕೆಟ್ಟಿನ ಹಿಂದೆ ಬರೆದುಕೊಳ್ಳುತ್ತಿದ್ದೆ. ಹೀಗೆ ಮೂರೂರಿನವರ ಮೈಗೆಲ್ಲ ಟೇಪು ಹಿಡಿದ ಕಾಕಾ ಒಂದು ಸಲವೂ ಗೆದ್ದಿರಲಿಲ್ಲ.

ಅವರ ತಾಲೀಮಿನ ರೀತಿಯೇ ಬೇರೆ ಇತ್ತು. ಪಂದ್ಯಕ್ಕೆ ಒಂದು ತಿಂಗಳಿರುವಾಗ ಅವರು ದಾರದಿಂದ ಗಾಳ ಬಿಚ್ಚಿಡುತ್ತಿದ್ದರು. ನೆನೆಸಿದ ಹಿಂಡಿಯ ಉಂಡೆಯನ್ನು ತೆಳ್ಳಗಿನ ಬಟ್ಟೆಯ ಚೂರಿನಲ್ಲಿ ಕಟ್ಟಿ, ಬರೀ ದಾರಕ್ಕೆ ಬಿಗಿದು ನೀರಿಗೆ ಬಿಡುವುದು. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿ ಕೂರುವುದು. ಮೀನು ಬಂದು ಮೂಸುತ್ತಿತ್ತು, ಎಳೆಯುತ್ತಿತ್ತು, ಬಟ್ಟೆ ಹರಿದು ತಿಂದು ಹೋಗುತ್ತಿತ್ತು. ಇದು ರೋಹು, ಇದು ಕಾಟ್ಲಾ, ಇದು ಎರಡು ಕಿಲೋದ್ದು ಎಂದು ಕಾಕಾ ಬೆರಳಿನ ಮೇಲಿನ ಎಳೆತದಿಂದಲೇ ಹೇಳುತ್ತಿದ್ದರು.

"ಒಮ್ಮೆ ಚುಚ್ಚಿಸಿಕೊಂಡ ಮೀನ ಆ ಕಡೆ ಹೊಳ್ಳಿ ನೋಡೂದಿಲ್ಲೋ. ಬೀಗರನ್ನ ಕರದಂಗ ಕರೀಬೇಕು. ಮೊದಲ ಉಣ್ಣಾಕ ಹಾಕು, ಮಾತು ಆಮ್ಯಾಲೆ" ಎನ್ನುತ್ತಿದ್ದರು. ಇದಕ್ಕಿಂತ ದೊಡ್ಡ ತಲೆಹರಟೆ ಇನ್ನೊಂದಿಲ್ಲ ಎಂದು ನಾನು ಅಂದುಕೊಳ್ಳುತ್ತಿದ್ದೆ. ಹಿಡಿಯುವ ಹಾಗಿಲ್ಲದ ಮೇಲೆ ಬಿಸಿಲಿನಲ್ಲಿ ಕೂರುವುದೇಕೆ?

ನಾನು ಹೇಳಬೇಕಾದ ವರ್ಷದಲ್ಲಿ ಕಾಕಾನ ಕಣ್ಣು ಮಂಜಾಗುತ್ತ ಬಂದಿದ್ದವು. ಹುಬ್ಬಳ್ಳಿಯ ದವಾಖಾನೆಯಲ್ಲಿ ತೋರಿಸಿದ್ದಾಯಿತು. ಹೋದ ದೃಷ್ಟಿ ಬರುವುದಿಲ್ಲ, ಇದ್ದದ್ದೂ ಬಹಳ ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬಸ್ಸಿಳಿದು ಹೊಳೆಗೆ ನಡೆಯುವಾಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಹಿಂದೆ ಹಿಂದೆ ಬರುತ್ತಿದ್ದರು. ಇಳಿಜಾರಿನಲ್ಲಿ ಆ ಕೈ ಹೆಗಲಿನಿಂದ ತೋಳಿಗೆ ಇಳಿಯುತ್ತಿತ್ತು, ಮತ್ತೆ ಮೇಲೆ ಹೋಗುತ್ತಿತ್ತು.

ಆ ದಸರೆಯ ಹೊತ್ತಿಗೆ ಅಂಗಡಿಗೆ ಹೋದಾಗ ಕಾಕಾ ಬಿಳಿ ಬಟ್ಟೆ ಹಾಸಿ ಕತ್ತರಿ ಹಿಡಿದಿದ್ದರು. ಪಂದ್ಯದ ಅಂಗಿ ಎಂದರು. ಗೆಲ್ಲುವವರು ಯಾರೆಂದು ಗೊತ್ತಾಗುವ ಮೊದಲೇ ಅಂಗಿ ಕತ್ತರಿಸಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಯಾರ ಅಳತೆಯದು ಎಂದು ಕೇಳಿದೆ.

"ನಂದ" ಎಂದರು. ಮುಖದಲ್ಲಿ ಸಣ್ಣ ಹುಡುಗರ ನಾಚಿಕೆ. "ಮುಂದಿನ ವರ್ಷ ಹೊಲಿಯಾಕ ಆಗೂದಿಲ್ಲ. ಇದ ಕಡೀ ಅಂಗಿ. ಇದನ್ನ ನಾ ಗೆದ್ದ ಹಾಕ್ಕೋತೀನಿ. ಯಾರಿಗೂ ಹೇಳಬ್ಯಾಡ."

ಹೊಳೆಯ ತಿರುವಿನಲ್ಲಿ ಹುಣಸೆ ಮರದ ಕೆಳಗೆ ಒಂದು ಆಳವಾದ ಮಡು ಇತ್ತು. ಆ ತಿಂಗಳೆಲ್ಲ ಕಾಕಾ ಹಿಂಡಿ ಹಾಕಿದ್ದು ಅಲ್ಲಿಗೇ. ದೊಡ್ಡ ಕಾಟ್ಲಾಗಳು ಹೊತ್ತಿಗೆ ಸರಿಯಾಗಿ ಬರಲು ಶುರುವಾಗಿದ್ದವು. ಅದರ ಗುಟ್ಟು ಬಲ್ಲವರು ನಾವಿಬ್ಬರೇ.

ಪಂದ್ಯಕ್ಕೆ ಆರು ದಿನ ಮೊದಲು, ಸೋಮವಾರ, ಕಾಕಾನನ್ನು ರೋಣದ ಮಧ್ಯಾಹ್ನದ ಬಸ್ಸಿಗೆ ಹತ್ತಿಸಿದೆ. ನಾನು ಊರೊಳಗೆ ಕೆಲಸವಿದೆ ಎಂದು ಸುಳ್ಳು ಹೇಳಿ ಉಳಿದೆ. ಕಿಸೆಯಲ್ಲಿ ಗಾಳವಿತ್ತು. ಒಂದೇ ಸಲ, ಒಂದೇ ಒಂದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ದಾರಕ್ಕೆ ಕಟ್ಟಿ ಬಿಟ್ಟೆ. ಬೀಡಿ ಹೊತ್ತಿಸುವಷ್ಟರಲ್ಲಿ ಎಳೆಯಿತು. ಮೂರು ಕಿಲೋಕ್ಕೆ ಕಡಿಮೆಯಿಲ್ಲದ ಕಾಟ್ಲಾ.

ಅಷ್ಟಕ್ಕೇ ಬಿಟ್ಟಿದ್ದರೂ ಬದುಕಬಹುದಿತ್ತು. ಆದರೆ ನನ್ನದು ಕಂಡಕ್ಟರನ ಬಾಯಿ, ಮಾತು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಸಂಜೆಯ ಬಸ್ಸಿನಲ್ಲಿ ಮೀನನ್ನು ಹಸಿ ಗೋಣಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಒಬ್ಬ ಕೇಳಿದ, ಗೋಣಿ ಬಿಚ್ಚಿ ತೋರಿಸಿದೆ. ಇನ್ನೊಬ್ಬ ಎಲ್ಲಿ ಸಿಕ್ಕಿತೆಂದ, ಹುಣಸೆ ಮರದ ಮಡು ಎಂದೆ. ಮೂರನೆಯವನು ಏನೂ ಕೇಳದಿದ್ದರೂ ಎಷ್ಟು ದಿನದಿಂದ ತಿನ್ನಿಸುತ್ತಿದ್ದೇವೆ, ಯಾವ ಹೊತ್ತಿಗೆ ಬರುತ್ತವೆ ಎಂದೆಲ್ಲ ನಾನೇ ಹೇಳಿದೆ. ಆ ಮೂರನೆಯವನು ರೋಣದಲ್ಲಿ ಇಳಿದು ಗಜೇಂದ್ರಗಡದ ಬಸ್ ಹತ್ತಿದ್ದನ್ನು ಕಂಡಾಗಲೇ ನನಗೆ ಎಚ್ಚರವಾದದ್ದು. ಮನೆಯಲ್ಲಿ ಸಾರಾಯಿತು. ಸಾರು ರುಚಿಯಾಗಿತ್ತು, ಅದರ ಬಗ್ಗೆಯೂ ಸುಳ್ಳು ಹೇಳಲಾರೆ.

ಭಾನುವಾರ ನಸುಕಿನಲ್ಲಿ ಒಂದು ಟೆಂಪೋ ಹಿಡಿದು ಹೋದೆವು. ಕಾಕಾನ ಕೈ ನನ್ನ ಹೆಗಲ ಮೇಲಿತ್ತು. ತಿರುವು ದಾಟಿದಾಗ ಮಡುವಿನ ದಂಡೆಯಲ್ಲಿ ದೊಡ್ಡ ಕಪ್ಪು ಕೊಡೆಯೊಂದು ಬಿಚ್ಚಿ ನಿಂತಿತ್ತು. ಅದರ ಕೆಳಗೆ ಗಜೇಂದ್ರಗಡದ ಸೀರೆ ಅಂಗಡಿಯವರು, ನಮ್ಮ ಪಂದ್ಯದ ಅತ್ಯಂತ ದಪ್ಪ ಮನುಷ್ಯ, ಕೋಲು ಹಿಡಿದು ಕೂತಿದ್ದರು. ನನಗೆ ಕಂಡಿತು. ಕಾಕಾನಿಗೆ ಕಾಣಲಿಲ್ಲ.

"ಯಾರರ ಕುಂತಾರೇನೋ ತಮ್ಮಾ?" ಎಂದು ಮೆಲ್ಲಗೆ ಕೇಳಿದರು.

ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಹೊಳೆಗೆ ಹಾರುವುದು ಸುಲಭವಿತ್ತು. ಕೂತಿದ್ದಾರೆ ಎಂದೆ. ಹೆಗಲ ಮೇಲಿನ ಕೈ ಒಂದು ಗಳಿಗೆ ಭಾರವಾಯಿತು, ಆಮೇಲೆ ಮೊದಲಿನಂತಾಯಿತು. ಇಪ್ಪತ್ತು ಮಾರು ಕೆಳಗೆ, ನೀರು ಆಳವಿಲ್ಲದ ಕಡೆ ಕೂತೆವು.

ಎರಡು ತಾಸಾದರೂ ಸೀರೆ ಅಂಗಡಿಯವರಿಗೆ ಏನೂ ಬೀಳಲಿಲ್ಲ. ನನಗೆ ಒಳಗೊಳಗೇ ಖುಷಿ. ಆಗ ಕಾಕಾ ಎದ್ದು, ನನ್ನನ್ನು ಕರೆದುಕೊಂಡು ಕೊಡೆಯ ಕಡೆ ನಡೆದರು. ತಮ್ಮ ಡಬ್ಬಿಯಿಂದ ಅರ್ಧ ಹಿಂಡಿ ತೆಗೆದು ಅವರ ಕೈಯಲ್ಲಿಟ್ಟರು.

"ನಿಮ್ಮ ಗೋದಿ ಹಿಟ್ಟ ಈ ಮಡುವಿನ ಮೀನ ಮೂಸೂದಿಲ್ಲರಿ. ಇದನ್ನ ಹಚ್ಚರಿ. ಇನ್ನ ಎರಡ್ ಮಾರು ಆ ಕಡೆ ಬಿಡ್ರಿ."

ಉಳಿದರ್ಧವೂ ಹೋದೀತೆಂದು ನಾನು ಡಬ್ಬಿಯ ಮುಚ್ಚಳ ಬಿಗಿದೆ. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಕೊಡೆ ಉರುಳಿತು, ಕೂಗಾಟವಾಯಿತು. ಅಕ್ಕನ ತಕ್ಕಡಿಯಲ್ಲಿ ಅವರ ಕಾಟ್ಲಾ ಐದು ಕಿಲೋ ದಾಟಿತು. ಕಾಕಾ ಕೊರಳಿನಿಂದ ಟೇಪು ತೆಗೆದರು. ಸೀರೆ ಅಂಗಡಿಯವರ ಹೊಟ್ಟೆಯ ಸುತ್ತ ಹಾಯಿಸಿ, "ತಮ್ಮಾ, ಇನ್ನೊಂದು ಟೇಪ್ ತಗೊಂಬಾ" ಎಂದರು. ದಂಡೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಸೀರೆ ಅಂಗಡಿಯವರಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಅಳತೆ ಬರೆದುಕೊಂಡೆ. ಆಗಲೇ ಕತ್ತರಿಸಿಟ್ಟಿದ್ದ ಆ ಅಂಗಿಯ ವಿಷಯ ಗೊತ್ತಿದ್ದವನು ಅಲ್ಲಿ ನಾನೊಬ್ಬನೇ.

ಕಾಕಾ ಹೊಸ ಬಟ್ಟೆ ತಂದು ಗೆದ್ದವರ ಅಳತೆಗೆ ಮತ್ತೊಂದು ಅಂಗಿ ಹೊಲಿಯಲು ಕೂತರು. ಎಂಟು ದಿನ ಸಂಜೆ ಡ್ಯೂಟಿ ಮುಗಿಸಿ ನಾನು ಸೂಜಿಗೆ ದಾರ ಪೋಣಿಸಿಕೊಡಲು ಹೋದೆ. ನಾಲ್ಕನೆಯ ಸಂಜೆ ಇನ್ನು ತಡೆಯಲಾಗಲಿಲ್ಲ. ಗಾಳ ಕಟ್ಟಿದ್ದು, ಮೀನು ಹಿಡಿದದ್ದು, ಬಸ್ಸಿನಲ್ಲಿ ಬೊಗಳಿದ್ದು, ಎಲ್ಲ ಹೇಳಿದೆ. ಮಷೀನು ನಿಲ್ಲಲಿಲ್ಲ.

"ಗೊತ್ತೈತೋ. ಮಂಗಳವಾರ ಮುಂಜಾನೇನ ಮೂರ ಮಂದಿ ಬಂದು ಹೇಳಿ ಹೋದ್ರು" ಎಂದರು.

"ಹಂಗಿದ್ರ ನನಗ ಯಾಕ ಬೈಲಿಲ್ರಿ ಕಾಕಾ? ಹಿಂಡಿ ಯಾಕ ಕೊಟ್ರಿ ಅವರಿಗೆ?"

ಕಾಕಾ ಮಷೀನು ನಿಲ್ಲಿಸಿದರು. "ಅಲ್ಲೋ, ಅಲ್ಲಿ ದೊಡ್ಡದೊಂದ್ ಮೀನ ಐತಿ ಅಂತ ಒಂದ್ ತಿಂಗಳ ಹೇಳಿದ್ನಿಲ್ಲ? ಇತ್ತಿಲ್ಲ? ಯಾರ ಕೈಯಾಗರ ಬರಲಿ, ನನ್ನ ಕಣ್ಣಿರತನ ಒಮ್ಮೆ ನೋಡಬೇಕಿತ್ತು. ನೋಡಿದ್ನಿ." ನನ್ನ ಕಡೆ ಕೈ ಚಾಚಿ, "ನಿನ್ನ ಬೈದು ಓಡಿಸಿದ್ರ ಹೊಳಿಗೆ ಯಾರ ಹೆಗಲ ಹಿಡಕೊಂಡ ಹೋಗ್ಲಿ? ಸೂಜಿ ಕೊಡು" ಎಂದರು. ನಾನು ಅತ್ತೆ. ಅವರಿಗೆ ಕಾಣಲಿಲ್ಲ ಎಂದುಕೊಂಡಿದ್ದೇನೆ.

ಆಮೇಲೆ ಅಂಗಡಿ ಮುಚ್ಚಿತು. ಕಣ್ಣು ಪೂರ್ತಿ ಹೋದ ಮೇಲೂ ಎರಡು ವರ್ಷ ಸೋಮವಾರಗಳಲ್ಲಿ ಹೊಳೆಗೆ ಹೋದೆವು. ನಾನು ರಜೆ ಬದಲಿಸಿಕೊಂಡು ಬರುತ್ತಿದ್ದೆ. ಗಾಳ ಕಟ್ಟುತ್ತಿರಲಿಲ್ಲ, ಬೆರಳ ಮೇಲೆ ದಾರ ಇಟ್ಟುಕೊಂಡು ಕೂರುವುದಷ್ಟೇ. ಆ ಎರಡು ವರ್ಷದಲ್ಲಿ ನಾನು ಕಲಿತದ್ದು ಮೊದಲಿನ ಒಂಬತ್ತು ವರ್ಷದಲ್ಲಿ ಕಲಿತಿರಲಿಲ್ಲ. ಮೂರನೆಯ ವರ್ಷ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು...

ಆ ವರ್ಷದ ಪಂದ್ಯ ಬೇಡ ಎಂದೇ ಎಲ್ಲರೂ ಅಂದಿದ್ದರು. ಆದರೆ ಭಾನುವಾರ ಹೊಳೆದಂಡೆಗೆ ಹೋಗಿ ನೋಡಿದರೆ ಕಾಕಾನ ಅಂಗಿ ಗೆದ್ದವರೆಲ್ಲ ಬಂದಿದ್ದಾರೆ, ಒಂಬತ್ತು ಜನ, ಒಂಬತ್ತು ಬಿಳಿ ಅಂಗಿ. ಕೆಲವು ಹಳದಿಯಾಗಿದ್ದವು, ಒಂದರ ಕಾಲರು ಹರಿದಿತ್ತು. ಸೀರೆ ಅಂಗಡಿಯವರು ಇನ್ನಷ್ಟು ದಪ್ಪಗಾಗಿ ಕೆಳಗಿನ ಗುಂಡಿ ಬಿಚ್ಚಿಕೊಂಡು ನಿಂತಿದ್ದರು. "ಆ ಮೀನ ನಂದಲ್ಲರಿ, ಟೇಲರ್ರದು" ಎಂದು ನನ್ನ ಕೈ ಹಿಡಿದರು. ಅವರೆಲ್ಲರ ನಡುವೆ ನಾನೊಬ್ಬನೇ ಪೇಟೆ ಅಂಗಿಯ ಗೋಣಿಚೀಲದಲ್ಲಿದ್ದೆ. ನಾನು ಎಂದೂ ಗೆದ್ದವನಲ್ಲವಲ್ಲ.

ಸಂಜೆ ಕಾಕು, ಅಂದರೆ ಕಾಕಾನ ಹೆಂಡತಿ, ನನ್ನನ್ನು ಮನೆಗೆ ಕರೆಸಿದರು. ಪೇಪರಿನಲ್ಲಿ ಸುತ್ತಿದ ಗಂಟೊಂದನ್ನು ಕೊಟ್ಟರು. ಒಳಗೆ ಕಾಕಾ ತಮಗೆಂದು ಹೊಲಿದಿಟ್ಟಿದ್ದ ಆ ಬಿಳಿ ಅಂಗಿ. "ಎಲ್ಲಾ ಬಿಚ್ಚಿ ಮತ್ತ ಹೊಲದಾರಪಾ. ಕಣ್ಣ ಕಾಣ್ತಿದ್ದಿಲ್ಲ, ಕೈ ಚುಚ್ಚಿಕೊಂಡ ಚುಚ್ಚಿಕೊಂಡ ಹೊಲದಾರ" ಎಂದರು. ಗುಂಡಿ ತೂರಿಸುವ ಕಾಜಾಗಳು ಸೊಟ್ಟಗಿದ್ದವು. ಹಾಕಿಕೊಂಡೆ. ಹೆಗಲು ಹೆಗಲಿಗೆ ಕೂತಿತು, ತೋಳು ಮಣಿಕಟ್ಟಿಗೆ ಸರಿಯಾಗಿ ಬಂದು ನಿಂತಿತು. ಕಾಕಾ ನನ್ನ ಮೈಗೆ ಒಂದು ದಿನವೂ ಟೇಪು ಹಿಡಿದವರಲ್ಲ. ಬಸ್ಸಿಳಿದು ಹೊಳೆಯವರೆಗೆ ನಡೆದ ಅಷ್ಟೂ ಸೋಮವಾರಗಳಲ್ಲಿ ಅವರ ಕೈ ನನ್ನ ಹೆಗಲ ಮೇಲಿತ್ತು, ಅಷ್ಟೇ.

ಈಗ ನಾನೂ ನಿವೃತ್ತ. ಪಂದ್ಯ ನಿಂತು ಹೋಗಿದೆ. ಮೊನ್ನೆ ಸೋಮವಾರ ಆ ಅರ್ಧ ಕಿಲೋ ಹಿಂಡಿ ನೆನೆಸಿಕೊಂಡು, ಆ ಅಂಗಿ ಹಾಕಿಕೊಂಡು ಹೊಳೆಆಲೂರಿಗೆ ಹೋದೆ. ಹುಣಸೆ ಮರ ಯಾವುದೋ ಪ್ರವಾಹಕ್ಕೆ ಬಿದ್ದುಹೋಗಿದೆ, ಮಡು ಉಸುಕಿನಿಂದ ತುಂಬಿದೆ. ದಂಡೆ ಹಿಡಿದು ಬಹಳ ದೂರ ನಡೆದೆ. ಒಂದು ಕಡೆ ನೀರು ಕಪ್ಪಗೆ ನಿಂತಿತ್ತು. ಬಟ್ಟೆಯ ಚೂರಿನಲ್ಲಿ ಉಂಡೆ ಕಟ್ಟಿ, ಗಾಳವಿಲ್ಲದ ದಾರ ಬಿಟ್ಟು ಕೂತೆ. ಬಿಸಿಲು ಏರಿತು. ಬೆರಳ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿ, ಆಮೇಲೆ ಒಮ್ಮೆಲೇ ಎಳೆಯಿತು. ಕಾಟ್ಲಾ, ನಾಲ್ಕು ಕಿಲೋಕ್ಕೆ ಕಡಿಮೆಯಿಲ್ಲ. "ಬಂತ್ರಿ ಕಾಕಾ" ಎಂದು ಪಕ್ಕಕ್ಕೆ ತಿರುಗಿದೆ...

ಮರಳಿ ಬರುವಾಗ ಬಸ್ಸಿನಲ್ಲಿ ಗುರುತಿನವನೊಬ್ಬ ಸಿಕ್ಕ. "ಹೊಳಿ ಕಡೆ ಹೋಗಿದ್ರೇನ್ರಿ? ಈಗ ಮೀನ ಎಲ್ಲಿ ಬೀಳತಾವ್ರಿ?" ಎಂದು ಕೇಳಿದ. ಗೊತ್ತಿಲ್ಲಪಾ ಎಂದೆ. ಅವನು ಬಿಡಲಿಲ್ಲ, ಮತ್ತೆ ಮತ್ತೆ ಕೇಳಿದ. ನಾನು ಕಿಟಕಿಯ ಹೊರಗೆ ನೋಡುತ್ತ, ಅಂಗಿಯ ಸೊಟ್ಟ ಕಾಜಾದ ಮೇಲೆ ಬೆರಳಾಡಿಸುತ್ತ ರೋಣ ಬರುವವರೆಗೂ ಬಾಯಿ ಮುಚ್ಚಿಕೊಂಡು ಕೂತೆ. ಆ ಜಾಗ ಹೇಳಬೇಕಾಗಿದ್ದದ್ದು ಒಬ್ಬರಿಗೆ ಮಾತ್ರ.